ಇಮೇಲ್, ಗೂಗಲ್, ಒಟಿಪಿ ಮೂರೂ ಲಾಗಿನ್ ಒಂದೇ ಖಾತೆಗೆ: ಯೂಸರ್ಸ್ ಟೇಬಲ್‌ಗೆ ಕಾಲಂ ಸೇರಿಸಿದರೆ ಸಾಕೇ?

ಇಮೇಲ್-ಪಾಸ್‌ವರ್ಡ್ ಲಾಗಿನ್ ಈಗಾಗಲೇ ಇದೆ, ಗೂಗಲ್ ಮತ್ತು ಫೋನ್ ಒಟಿಪಿ ಸೇರಿಸಬೇಕು. ಯೂಸರ್ಸ್ ಟೇಬಲ್‌ನಲ್ಲೇ ಗೂಗಲ್ ಐಡಿಗೊಂದು, ಫೋನಿಗೊಂದು ಕಾಲಂ ಹಾಕಿ, ಇಮೇಲ್ ಹೊಂದಿಕೆಯಾದರೆ ಖಾತೆಗಳನ್ನು ಜೋಡಿಸಿಬಿಡಬಹುದೇ ಎಂದು ಕೇಳಿದ್ದೀರಿ. ಕಾಲಂ ಹಾಕಿದರೂ ಓಡುತ್ತದೆ, ಆದರೆ ಬೇಡ. ಬರೀ ಇಮೇಲ್ ನೋಡಿ ಜೋಡಿಸುವುದಂತೂ ಬೇಡವೇ ಬೇಡ. ಅದನ್ನು ಮಾಡಿ ಕೈ ಸುಟ್ಟುಕೊಂಡವನು ನಾನು.

ಮೊದಲು ಟೇಬಲ್ ವಿಷಯ. ಯೂಸರ್ಸ್ ಟೇಬಲ್‌ನಲ್ಲಿ ಆ ವ್ಯಕ್ತಿ ಮಾತ್ರ ಇರಲಿ: ನಿಮ್ಮದೇ ಐಡಿ, ಹೆಸರು, ಸಂಪರ್ಕಕ್ಕೊಂದು ಇಮೇಲ್. ಒಳಬರುವ ದಾರಿಗಳಿಗೆ ಬೇರೆ ಟೇಬಲ್ ಮಾಡಿ. ಅದರ ಪ್ರತಿ ಸಾಲಿನಲ್ಲಿ ಯೂಸರ್ ಐಡಿ, ಯಾವ ಬಗೆಯ ಲಾಗಿನ್, ಆ ಕಡೆಯವರು ಕೊಟ್ಟ ಗುರುತು. ಕೊನೆಯ ಎರಡೂ ಸೇರಿ ಒಂದು ಯುನೀಕ್ ಇಂಡೆಕ್ಸ್, ಅಂದರೆ ಅದೇ ಜೋಡಿ ಎರಡನೇ ಸಲ ಸೇರದಂತೆ ಡೇಟಾಬೇಸೇ ತಡೆಯಲಿ. ನಾಳೆ ಪಾಸ್‌ಕೀ (ಪಾಸ್‌ವರ್ಡ್ ಬದಲು ಸಾಧನದಲ್ಲೇ ಉಳಿಯುವ ಲಾಗಿನ್ ಕೀಲಿ) ಬೇಕೆಂದರೆ ಯೂಸರ್ಸ್ ಟೇಬಲ್ ಮುಟ್ಟಬೇಕಿಲ್ಲ. ಒಬ್ಬರಿಗೇ ಫೋನಿನಲ್ಲೊಂದು, ಲ್ಯಾಪ್‌ಟಾಪ್‌ನಲ್ಲೊಂದು ಪಾಸ್‌ಕೀ ಇರುವುದು ಸಾಮಾನ್ಯ. ಕಾಲಂ ಲೆಕ್ಕದಲ್ಲಿ ಹೊರಟರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಲಾಗಿನ್ ಆದವರು ಯಾರೆಂದು ಹೇಳಲು ಗೂಗಲ್ ಕಳಿಸುವ ಐಡಿ ಟೋಕನ್‌ನಲ್ಲಿ ‘ಸಬ್’ (sub) ಎಂಬ ಕ್ಲೇಮ್, ಅಂದರೆ ಒಂದು ಮಾಹಿತಿ ತುಣುಕು, ಇರುತ್ತದೆ. ಗುರುತು ಅದೇ, ಇಮೇಲ್ ಅಲ್ಲ. ನಾನು ಹಿಂದೊಮ್ಮೆ ಇಮೇಲನ್ನೇ ಕೀ ಮಾಡಿಕೊಂಡಿದ್ದೆ. ಒಬ್ಬ ಬಳಕೆದಾರರ ಸಂಸ್ಥೆ ಡೊಮೇನ್ ಬದಲಿಸಿತು. ಅವರ ಗೂಗಲ್ ಖಾತೆ ಅದೇ, ವಿಳಾಸ ಮಾತ್ರ ಹೊಸದು. ಲಾಗಿನ್ ಒತ್ತಿದರೆ ಖಾಲಿ ಡ್ಯಾಶ್‌ಬೋರ್ಡ್! ಅವರ ಕಡತಗಳೆಲ್ಲ ಹಳೇ ಇಮೇಲಿನ ಹೆಸರಲ್ಲಿ ಸುರಕ್ಷಿತವಾಗಿಯೇ ಇದ್ದವು. ಆದರೆ ಸಬ್ ಉಳಿಸಿರಲಿಲ್ಲವಲ್ಲ, ಇಬ್ಬರೂ ಒಬ್ಬರೇ ಅನ್ನುವುದಕ್ಕೆ ನನ್ನ ಡೇಟಾಬೇಸ್‌ನಲ್ಲಿ ಪುರಾವೆಯೇ ಇರಲಿಲ್ಲ. ಇನ್ನೊಂದು, ಸಬ್ ನೋಡಲು ಅಂಕಿಗಳ ಉದ್ದ ಸಾಲು. ಹಾಗಂತ ನಂಬರ್ ಆಗಿ ಇಡಬೇಡಿ. ಜಾವಾಸ್ಕ್ರಿಪ್ಟ್ ನಂಬರ್ ಮಾಡಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗುತ್ತವೆ. ಇಂಥ ಲಾಗಿನ್‌ಗಳ ಮಾನದಂಡವಾದ ಓಪನ್‌ಐಡಿ ಕನೆಕ್ಟ್ ಪ್ರಕಾರ ಅದು 255 ಅಕ್ಷರಗಳವರೆಗಿನ ಸ್ಟ್ರಿಂಗ್.

ಇನ್ನು ಜೋಡಿಸುವ ಮಾತು. ಅಪಾಯ ಹೇಗೆ ಬರುತ್ತದೆ ನೋಡಿ. ಕಳ್ಳನೊಬ್ಬ ನಿಮ್ಮ ಸೈಟಿಗೆ ಮೊದಲೇ ಬಂದು, ಬೇರೆಯವರ ಇಮೇಲ್ ಹಾಕಿ, ತನ್ನ ಪಾಸ್‌ವರ್ಡ್ ಕೊಟ್ಟು ಖಾತೆ ತೆರೆಯುತ್ತಾನೆ. ವೆರಿಫಿಕೇಶನ್ ಮೇಲ್ ಅವನಿಗೆ ಸಿಗದು, ಆದರೂ ಸಾಲು ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ತಿಂಗಳು ಕಳೆದು ಆ ಇಮೇಲಿನ ನಿಜವಾದ ಒಡೆಯರು ಗೂಗಲ್ ಗುಂಡಿ ಒತ್ತುತ್ತಾರೆ. ನಿಮ್ಮ ಕೋಡ್ ‘ಇಮೇಲ್ ಒಂದೇ’ ಎಂದು ಜೋಡಿಸುತ್ತದೆ. ಅಲ್ಲಿಂದ ಮುಂದೆ ಅವರು ತುಂಬುವ ಪ್ರತಿಯೊಂದೂ ಕಳ್ಳನ ಪಾಸ್‌ವರ್ಡಿಗೂ ತೆರೆದುಕೊಳ್ಳುತ್ತದೆ.

ಹಾಗಾಗಿ ನಾನು ಈಗ ಮಾಡುವುದು ಇಷ್ಟು. ಸಬ್ ನನ್ನ ಟೇಬಲ್‌ನಲ್ಲಿ ಸಿಕ್ಕಿತೋ, ಒಳಗೆ ಬಿಡು. ಸಿಗಲಿಲ್ಲ, ಆದರೆ ಅದೇ ಇಮೇಲಿನ ಖಾತೆ ಇದೆ ಅಂದರೆ ಜೋಡಿಸದೆ, ‘ಈ ಇಮೇಲಿಗೆ ಖಾತೆ ಇದೆ, ಒಮ್ಮೆ ಹಳೇ ದಾರಿಯಲ್ಲೇ ಲಾಗಿನ್ ಆಗಿ’ ಎಂದು ಕೇಳು, ಆದಮೇಲೆ ಜೋಡಿಸು. ಪಾಸ್‌ವರ್ಡ್ ಗೊತ್ತಿಲ್ಲ ಎನ್ನುವವರಿಗೆ ಮೇಲ್‌ನಲ್ಲಿ ರೀಸೆಟ್ ಲಿಂಕ್. ಹಳೇ ಖಾತೆಯ ಇಮೇಲ್ ಎಂದೂ ವೆರಿಫೈ ಆಗಿರದಿದ್ದರೆ, ಆ ರೀಸೆಟ್ ಹೊತ್ತಿಗೆ ಹಳೇ ಸೆಷನ್‌ಗಳನ್ನೂ ಅದಕ್ಕೆ ಅಂಟಿಕೊಂಡ ಬೇರೆ ಲಾಗಿನ್‌ಗಳನ್ನೂ ಅಳಿಸಿ. ಬಳಕೆದಾರರಿಗೆ ಒಂದು ಹೆಜ್ಜೆ ಜಾಸ್ತಿ, ನಿಜ. ಗೊಣಗಿದರೆ ಗೊಣಗಲಿ.

ಫೋನ್ ನಂಬರನ್ನು ಇನ್ನೂ ಕಡಿಮೆ ನಂಬಿ. ಕೈಬಿಟ್ಟ ನಂಬರನ್ನು ಕಂಪನಿಗಳು ಮತ್ತೊಬ್ಬರಿಗೆ ಕೊಡುತ್ತವೆ. ಹೊಸ ಒಡೆಯರು ಒಟಿಪಿ ಹಾಕಿ ಹಳಬರ ಖಾತೆಯೊಳಗೆ ನೇರ ಇಳಿಯಬಹುದು. ಬಹಳ ದಿನ ಬಳಸದ ನಂಬರಿನಿಂದ ಲಾಗಿನ್ ಬಂದರೆ ಇನ್ನೊಂದು ಗುರುತನ್ನೂ ಕೇಳಿ. ನಂಬರ್ ಉಳಿಸುವಾಗ ಪ್ಲಸ್ ಚಿಹ್ನೆ, ದೇಶದ ಕೋಡ್ ಸಮೇತ ಒಂದೇ ರೂಪದಲ್ಲಿರಲಿ, ಇಲ್ಲವಾದರೆ ಒಬ್ಬರಿಗೇ ಎರಡು ಖಾತೆ ಹುಟ್ಟುತ್ತವೆ. ಆರಂಕಿಯ ಒಟಿಪಿ ಅಂದರೆ ಬರೀ 10 ಲಕ್ಷ ಸಾಧ್ಯತೆ. ಐದು ನಿಮಿಷದ ಗಡುವು, ಐದು ತಪ್ಪಾದರೆ ಆ ಒಟಿಪಿ ರದ್ದು ಎಂದಿಟ್ಟುಕೊಳ್ಳಿ.

ಓಆತ್ (OAuth) ಭಾಗವನ್ನು, ಅಂದರೆ ಗೂಗಲ್‌ನಂಥವರ ಮೂಲಕ ಲಾಗಿನ್ ಮಾಡಿಸುವ ಕೋಡನ್ನು, ಸ್ವಂತವಾಗಿ ಬರೆಯಬೇಡಿ, ನಿಮ್ಮ ಫ್ರೇಮ್‌ವರ್ಕಿನ ಲೈಬ್ರರಿ ಬಳಸಿ. ಅದರಲ್ಲಿ ಸ್ಟೇಟ್ (state) ಮತ್ತು ಪಿಕೆಸಿಇ (PKCE) ಎಂಬ ಎರಡು ಸುರಕ್ಷತಾ ತಪಾಸಣೆಗಳು ಆನ್ ಆಗಿವೆಯೇ ಎಂದು ಮಾತ್ರ ನೋಡಿ. ಮುಂದೆ ಆ್ಯಪಲ್ ಲಾಗಿನ್ ಸೇರಿಸಿದರೆ, ಹೆಸರು ಮೊದಲ ಸಲ ಮಾತ್ರ ಬರುತ್ತದೆ, ಆಗಲೇ ಉಳಿಸಿಕೊಳ್ಳಿ. ಇಮೇಲ್ ಮುಚ್ಚಿಡಲು ಬಯಸಿದವರದು ರಿಲೇ ವಿಳಾಸವಾಗಿರುತ್ತದೆ (ನಿಜವಾದ ಇಮೇಲಿನ ಬದಲು ಆ್ಯಪಲ್ ಕೊಡುವ, ಮೇಲನ್ನು ದಾಟಿಸುವ ವಿಳಾಸ), ಹೊಂದಿಸಿ ನೋಡಲು ಅಲ್ಲಿ ಏನೂ ಸಿಗುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್ ತೆಗೆದುಹಾಕು’ ಗುಂಡಿ ಇಡುವಾಗ, ಅದು ಕೊನೆಯ ದಾರಿಯಾಗಿದ್ದರೆ ತೆಗೆಯಲು ಬಿಡಬೇಡಿ. ಇದನ್ನು ಸರ್ವರ್‌ನಲ್ಲೇ, ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಏನೂ ಆಗದ ಡೇಟಾಬೇಸ್ ಕೆಲಸ) ಒಳಗೆ, ಆ ಯೂಸರ್ ಸಾಲನ್ನು ಲಾಕ್ ಮಾಡಿ ಪರೀಕ್ಷಿಸಿ. ಎರಡು ಟ್ಯಾಬ್ ತೆರೆದು ಒಂದೊಂದರಲ್ಲಿ ಒಂದೊಂದನ್ನು ತೆಗೆದು, ತಮ್ಮನ್ನು ತಾವೇ ಹೊರಗೆ ಹಾಕಿಕೊಂಡವರೊಬ್ಬರು ನನಗೆ ಸಿಕ್ಕಿದ್ದಾರೆ.