ಕಾಫಿ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುವುದು ಏಕೆ?

ಅದೇ ಕಾಫಿ ಒಬ್ಬರಿಗೆ ಪ್ರಾಣ, ಇನ್ನೊಬ್ಬರಿಗೆ ಬರೀ ಕಹಿನೀರು ಏಕೆ ಎಂದು ಕೇಳಿದ್ದೀರಿ. ಅರ್ಧ ಉತ್ತರ ದೇಹದಲ್ಲಿದೆ. ನಾವು ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆ ತರಿಸುತ್ತದೆ. ಅದು ಕೂರಬೇಕಾದ ಜಾಗವನ್ನು ಕಾಫಿಯಲ್ಲಿರುವ ಕೆಫೀನ್ ಹಿಡಿದುಕೊಳ್ಳುತ್ತದೆ, ಹಾಗಾಗಿ ನಿದ್ದೆ ದೂರ ಸರಿಯುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವ ಎಷ್ಟು ಚುರುಕು ಎಂಬುದರ ಮೇಲೆ ಇದು ಬಹಳ ಬದಲಾಗುತ್ತದೆ. ಹಾಗಾಗಿ ರಾತ್ರಿಪಾಳಿಯ ದಾದಿಗೆ ಆಸರೆಯಾಗುವ ಲೋಟವೇ ಮತ್ತೊಬ್ಬರಿಗೆ ಎದೆಬಡಿತ, ನಿದ್ದೆಗೇಡು.

ಉಳಿದರ್ಧ ನೆನಪು, ನನ್ನ ಮಟ್ಟಿಗೆ ಇದೇ ದೊಡ್ಡದು. ವಾಸನೆಗೂ ನೆನಪಿಗೂ ಮಿದುಳಿನಲ್ಲಿ ಹತ್ತಿರದ ದಾರಿಯಿದೆ. ಅಪ್ಪ ತೀರಿಕೊಂಡ ಮೇಲೂ ಅಮ್ಮ ಬಹುಕಾಲ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು. ಎರಡನೆಯದನ್ನು ನಾನು ಕುಡಿಯುತ್ತಿದ್ದೆ.