ಎಂಟು ತಿಂಗಳ ಕೂಸು, ಕಾಡಿನ ರಸ್ತೆ

ಕಾಡಂಚಿನ ಊರಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಉಸಿರಾಡಲು ಕಷ್ಟವಾದರೆ ಏನು ಮಾಡ್ತೀರಿ ಅಂತ ಜನ ಕೇಳ್ತಾರೆ. ನಮ್ಮದು ಎಚ್.ಡಿ. ಕೋಟೆ ತಾಲ್ಲೂಕು, ಮೈಸೂರು ಜಿಲ್ಲೆಯ ಅಂಚು. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳ. ಡಿ.ಬಿ. ಕುಪ್ಪೆ ಕಡೆಯವರಿಗೆ ಕೋಟೆಗಿಂತ ಕೇರಳದ ಮಾನಂದವಾಡಿಯೇ ಹತ್ತಿರ. ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಆಂಬುಲೆನ್ಸ್‌ಗೆ ಗೇಟು ತೆಗೆಯುತ್ತಾರೆ. ಆದರೆ ಅದು ಮೊದಲು ಊರಿಗೆ ಬರಬೇಕಲ್ವಾ?

ನಮ್ಮ ಕಡೆ ಅಜ್ಜಿಯರ ಮಾತೊಂದಿದೆ: ಏಳು ತಿಂಗಳ ಕೂಸು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ. ಇದು ಶುದ್ಧ ಸುಳ್ಳು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಒಳಗೆ ಒಂದು ಜಿಡ್ಡಿನ ಪದರ ಇರಬೇಕು. ಸರ್ಫ್ಯಾಕ್ಟಂಟ್ ಅನ್ನುತ್ತಾರೆ. ಅದು ಬೇಕಾದಷ್ಟು ಆಗುವುದು ಸುಮಾರು 35 ವಾರದ ಹೊತ್ತಿಗೆ. ಎಷ್ಟು ಬೇಗ ಹುಟ್ಟಿದರೆ ಅಷ್ಟು ಕಮ್ಮಿ. ಆಗ ಕೂಸು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಸಲ ಉಸಿರೆಳೆಯುತ್ತದೆ, ಪಕ್ಕೆ ಒಳಗೆ ಹೋಗುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ. ಉಸಿರು ಬಿಡುವಾಗೆಲ್ಲ ನರಳುತ್ತದೆ. ಆ ನರಳಾಟ ಗಾಳಿಚೀಲ ಮುಚ್ಚದಂತೆ ಕೂಸು ತಾನೇ ಪಡುವ ಪಾಡು. ಮನೆಯಲ್ಲಿ ಮಾತ್ರ ಹೊಟ್ಟೆನೋವು ಅಂದುಕೊಂಡು ಬಜೆ ತೇಯಲು ಕೂರುತ್ತಾರೆ!

ನನ್ನ ತಂಗಿ ಮದುವೆಯಾಗಿ ಇದ್ದದ್ದು ಮೈಸೂರಲ್ಲಿ. ಸುತ್ತ ಅಷ್ಟೊಂದು ಆಸ್ಪತ್ರೆ. ಆದರೂ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಸೀಮಂತ ಮುಗಿಸಿ ಕಾಡಂಚಿಗೆ ಕರೆತಂದೆವು. 32ನೇ ವಾರಕ್ಕೇ ನೋವು ಬಂತು. ಪುಣ್ಯಕ್ಕೆ ಹಗಲು. ಕೋಟೆಯಲ್ಲಿ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಟ್ಟು 108ರಲ್ಲಿ ಮೈಸೂರಿಗೆ ಕಳಿಸಿದರು. 12 ಗಂಟೆಗೊಂದರಂತೆ ಒಟ್ಟು 4. ಚುಚ್ಚುವುದು ತಾಯಿಗೆ, ಬಲಿಯುವುದು ಹೊಟ್ಟೆಯಲ್ಲಿರುವ ಕೂಸಿನ ಶ್ವಾಸಕೋಶ. ಹೆರಿಗೆ ಎರಡು ದಿನ ತಡೆದದ್ದೂ ಒಳ್ಳೆಯದೇ ಆಯಿತು.

ಆದರೂ ಹುಟ್ಟಿದ ಮೇಲೆ ಮೂಗಿಗೆ ಕೊಳವೆ ಹಾಕಬೇಕಾಯಿತು. ಅದರ ಇನ್ನೊಂದು ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ, ಗುಳುಗುಳು ಗುಳ್ಳೆ. ಉಸಿರಿಗೆ ನೆರವಾಗುವ ಸಿಪ್ಯಾಪ್ ಅಂದರೆ ಇಷ್ಟೇನಾ ಅನ್ನಿಸಿತು. ನೀರಲ್ಲಿ ತುದಿ ಎಷ್ಟು ಆಳ ಮುಳುಗಿರುತ್ತದೋ ಅಷ್ಟು ಒತ್ತಡ ಕೂಸಿನ ಎದೆಗೆ ಸಿಗುತ್ತದೆ, ಗಾಳಿಚೀಲ ತೆರೆದೇ ಇರುತ್ತದೆ. ಅದಕ್ಕೂ ಬಗ್ಗದಾಗ ಸರ್ಫ್ಯಾಕ್ಟಂಟ್ ಔಷಧಿಯನ್ನು ಶ್ವಾಸನಾಳಕ್ಕೇ ಬಿಟ್ಟರು. ದನದ ಇಲ್ಲವೇ ಹಂದಿಯ ಶ್ವಾಸಕೋಶದಿಂದ ತೆಗೆಯುವಂಥದ್ದು ಅಂತ ನರ್ಸಮ್ಮ ಹೇಳಿದಾಗ ಅಮ್ಮ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಬೇಗ ಹಾಕಕ್ಕೇಳು" ಅಂದರು. ಆಕ್ಸಿಜನ್ ಇನ್ನೂ ಜಾಸ್ತಿ ಬಿಡಿ ಅಂತ ನಾನೇ ಗೋಗರೆದೆ. ಜಾಸ್ತಿಯಾದರೆ ಕಣ್ಣಿಗೆ ಪೆಟ್ಟು ಅಂದರು. ರಕ್ತದಲ್ಲಿ ಆಕ್ಸಿಜನ್ ಮಟ್ಟ ಶೇಕಡಾ 90ರಿಂದ 95ರ ಒಳಗೇ ಇರುವಂತೆ ನೋಡಿಕೊಂಡರು. ಕೊಳವೆ ತೆಗೆದ ಮೇಲೆ ತಂಗಿ ದಿನವಿಡೀ ಕೂಸನ್ನು ಎದೆಗೆ ಅಂಟಿಸಿಕೊಂಡೇ ಇದ್ದಳು.

ಈಗ ಅವಳಿಗೆ ಎರಡನೇ ಬಸುರು. ಈ ಸಲ ತವರೇ ಅಲ್ಲಿಗೆ ಹೋಗಿದೆ. ಮಡಿಲಕ್ಕಿ, ಬಾಣಂತಿ ಖಾರದ ಡಬ್ಬಿ ಕಟ್ಟಿಕೊಂಡು ಅಮ್ಮ ಕೋಟೆಯಿಂದ ಮೈಸೂರು ಬಸ್ಸು ಹತ್ತಿ ತಿಂಗಳಾಯಿತು.