ಗಾಜು ಅಂಟಿಸಿದ್ದು ನಿರ್ವಾತವಲ್ಲ, ನೀರು

ಮಂಡ್ಯದ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಲ್ಯಾಬಿನಲ್ಲಿ ತೊಳೆದು ಜೋಡಿಸಿಟ್ಟ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡುಗಳು ಬಿಡಿಸಲಾಗದಂತೆ ಅಂಟಿಕೊಂಡವಂತೆ. ಇದು ಕ್ಯಾಸಿಮಿರ್ ಬಲವೇ, ಅಂದರೆ ನಿರ್ವಾತದ ಶಕ್ತಿಯಿಂದಾಗಿ ಬಹಳ ಹತ್ತಿರದ ತಟ್ಟೆಗಳ ನಡುವೆ ಹುಟ್ಟುವ ಸೆಳೆತವೇ? ನಿರ್ವಾತದ ಶಕ್ತಿಯಿಂದ ಪಂಪ್‌ಸೆಟ್ ಓಡಿಸಬಹುದೆಂಬ ವಿಡಿಯೊ ನಿಜವೇ?

ಸರ್, ಬಲವೇನೋ ನಿಜ. 1948ರಲ್ಲಿ ಹೆಂಡ್ರಿಕ್ ಕ್ಯಾಸಿಮಿರ್ ಹಾಕಿದ ಲೆಕ್ಕದಂತೆ, 1 ಮೈಕ್ರೋಮೀಟರ್ ಅಂತರದ ಎರಡು ಲೋಹದ ತಟ್ಟೆಗಳ ಮೇಲೆ 1.3 ಮಿಲಿಪ್ಯಾಸ್ಕಲ್ ಒತ್ತಡ ಬೀಳುತ್ತದೆ. ಅಂತರ ಅರ್ಧವಾದರೆ ಒತ್ತಡ 16 ಪಟ್ಟು. ಆದರೆ ಸಾಮಾನ್ಯ ಸ್ಲೈಡು ಅಷ್ಟು ಸಮತಟ್ಟಲ್ಲ. ಸರಾಸರಿ 5 ಮೈಕ್ರೋಮೀಟರ್ ಸಂದಿ ಎಂದಿಟ್ಟುಕೊಳ್ಳಿ: 75×25 ಮಿಲಿಮೀಟರ್ ಸ್ಲೈಡಿನ ಮೇಲಿನ ಸೆಳೆತ ಸುಮಾರು 0.4 ಮೈಕ್ರೋಗ್ರಾಂ ತೂಕದಷ್ಟು. ಅದೂ ಲೋಹಕ್ಕೆ, ಗಾಜಿಗೆ ಇನ್ನೂ ಕಡಿಮೆ. ಸ್ಲೈಡಿನ ತೂಕವೇ 5 ಗ್ರಾಂ! ಅಂಟಿಸಿದ್ದು ಸಂದಿಯಲ್ಲಿ ಉಳಿದ ನೀರಿನ ಪೊರೆ.

ಪರೀಕ್ಷಿಸಿ ನೋಡಿ. ನ್ಯೂಟನ್ ಉಂಗುರದ ಪ್ರಯೋಗಕ್ಕಿರುವ ಸೋಡಿಯಂ ದೀಪದಡಿ ಜೋಡಿಯನ್ನಿಡಿ. ಗಾಜುಗಳ ನಡುವೆ ಕಾಣುವ ಕಪ್ಪು-ಹಳದಿ ಬೆಳಕಿನ ಪಟ್ಟೆಗಳಲ್ಲಿ ಒಂದರಿಂದ ಮುಂದಿನದಕ್ಕೆ ಗಾಳಿಸಂದಿ 295 ನ್ಯಾನೋಮೀಟರ್ ಬದಲಾಗುತ್ತದೆ. ಒದ್ದೆ ಭಾಗದಲ್ಲಿ ಪಟ್ಟೆಗಳು ಮಂಕಾಗುತ್ತವೆ. ಬಿಡಿಸಿ, 110 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ಜೋಡಿಸಿದರೆ ಹಿಡಿತ ಹೋಗಿರುತ್ತದೆ.

ವಿದ್ಯಾರ್ಥಿಗಳು ಬಲವನ್ನೇ ಅಳೆಯುತ್ತೇವೆ ಎಂದರೆ, ಎಡವುವುದು ಎಲ್ಲಿ ಎಂದು ಮೊದಲೇ ಹೇಳಿಬಿಡಿ. 1 ಸೆಂಟಿಮೀಟರ್ ತಟ್ಟೆಯ ಒಂದು ಅಂಚು 0.1 ಮೈಕ್ರೋಮೀಟರ್ ಎದ್ದರೆ ಸಾಕು, 1 ಮೈಕ್ರೋಮೀಟರ್ ಅಂತರದ ಲೆಕ್ಕ ಕೆಡುತ್ತದೆ. 1997ರಲ್ಲಿ ಈ ಬಲವನ್ನು ಅಳೆದ ಭೌತವಿಜ್ಞಾನಿ ಸ್ಟೀವ್ ಲಾಮೊರೊ ಒಂದು ತಟ್ಟೆಯ ಬದಲು ಬಾಗಿದ ಮೇಲ್ಮೈ ಬಳಸಿ ಈ ಕಾಟದಿಂದ ಪಾರಾದರು. ಧೂಳಿನ ಒಂದು ಕಣ ಕುಳಿತರೂ ತಟ್ಟೆಗಳು ಹತ್ತಿರ ಬರುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಳ್ಳ ವಿದ್ಯುತ್ತು: ತಟ್ಟೆಗಳ ನಡುವೆ ಬರೀ 17 ಮಿಲಿವೋಲ್ಟ್ ಉಳಿದಿದ್ದರೂ 1 ಮೈಕ್ರೋಮೀಟರ್‌ನಲ್ಲಿ ಕ್ಯಾಸಿಮಿರ್‌ನಷ್ಟೇ ಸೆಳೆತ ಹುಟ್ಟುತ್ತದೆ. ಎರಡನ್ನೂ ತಂತಿಯಿಂದ ಜೋಡಿಸಿದರೆ ಇದು ಸೊನ್ನೆಯಾಗದು, ಏಕೆಂದರೆ ಬೇರೆ ಬೇರೆ ಲೋಹಗಳ, ಕೊಳೆಯಾದ ಮೇಲ್ಮೈಗಳ ಸಂಪರ್ಕ ವಿಭವ (ಮೇಲ್ಮೈಗಳ ವ್ಯತ್ಯಾಸದಿಂದಲೇ ಹುಟ್ಟುವ ಸಣ್ಣ ವೋಲ್ಟೇಜು) ಉಳಿದೇ ಇರುತ್ತದೆ. ಹೊರಗಿನಿಂದ ವೋಲ್ಟೇಜು ಕೊಟ್ಟು, ಬಲ ಅತಿ ಕಡಿಮೆಯಾಗುವ ಬಿಂದು ಹುಡುಕಬೇಕು. ಪ್ರತಿ ಅಂತರದಲ್ಲೂ ಮತ್ತೆ ಹುಡುಕಬೇಕು.

ಇನ್ನು ಪಂಪ್‌ಸೆಟ್. 1 ಚದರ ಮೀಟರಿನ ಆದರ್ಶ ತಟ್ಟೆಗಳು ದೂರದಿಂದ 10 ನ್ಯಾನೋಮೀಟರಿಗೆ ಬಂದರೆ ಸಿಗುವುದು ಹೆಚ್ಚೆಂದರೆ 0.43 ಮಿಲಿಜೌಲ್. 5 ಎಚ್‌ಪಿ ಮೋಟಾರಿಗೆ ಅದು ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕೆ ಸಾಕು. ಮರಳಿ ಬಿಡಿಸಲು ಅಷ್ಟನ್ನೇ ಖರ್ಚು ಮಾಡಬೇಕು, ಹಾಗಾಗಿ ಒಂದು ಸುತ್ತಿನ ಲಾಭ ಸೊನ್ನೆ. ಮದ್ದೂರು, ಮಳವಳ್ಳಿ ಕಡೆಯ ಟೇಲ್‌ಎಂಡ್ (ನಾಲೆಯ ಕೊನೆಭಾಗದ) ರೈತರಿಗೆ ಯಾರಾದರೂ ಇಂಥ ಯಂತ್ರಕ್ಕೆ ಮುಂಗಡ ಕೇಳಿದರೆ, ತಟ್ಟೆ ಬಿಡಿಸುವ ಖರ್ಚು ಎಲ್ಲಿಂದ ಎಂದು ಕೇಳಲು ಹೇಳಿ.